89 ಗಂಟೆ 50 ನಿಮಿಷ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಳ್ಳಾರಿಯ ಕಂಟೋನ್ಮೆಂಟ್ ಪ್ರದೇಶದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಘಟಕ ‘ಚಲನೆ’, ಪಾಠಾಂಶ ಸರಾಸರಿ ಜವ. ನನ್ನ ಹಿಂದಿನ ಎರಡು ಪಾಠಗಳಿಗೆ ವೀಕ್ಷಣಾ ಪುಸ್ತಕದಲ್ಲಿ ‘ಮಕ್ಕಳು ಪಾಠದೊಳಗೆ ಬರಲಿಲ್ಲ’ ಎಂಬ ಷರಾ ಬಿದ್ದಿತ್ತು. ಮೂರನೆಯದೂ ಹಾಗೇ ಆದರೆ, ಈ ಕೆಲಸ ನನಗೆ ಒಗ್ಗುವುದಿಲ್ಲವೆಂದು ಮನೆಯಲ್ಲಿ ಹೇಳಿಬಿಡಬೇಕೆಂದಿದ್ದೆ.

ರೈಲು, ಬಸ್ಸಿನ ಲೆಕ್ಕ ಬಿಟ್ಟು ಈ ಸಲ ಒಂದು ದೋಣಿ ಪಯಣವನ್ನು ಆರಿಸಿಕೊಂಡೆ. ಇಂಗ್ಲೆಂಡಿನ ಡಿವೈಜಸ್ ಪಟ್ಟಣದಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ ಕಾಲುವೆ ಮತ್ತು ಥೇಮ್ಸ್ ನದಿಯ ಮೇಲೆ 125 ಮೈಲಿ, ಅಂದರೆ ಸುಮಾರು 201 ಕಿ.ಮೀ. 1948ರ ಈಸ್ಟರ್ ರಜೆಯಲ್ಲಿ ಆ ಊರಿನ ನಾಲ್ವರು ಸ್ಕೌಟ್ ಹುಡುಗರ ಮುಂದೆ ಒಂದು ಸವಾಲಿತ್ತು: 100 ಗಂಟೆಯೊಳಗೆ ಮುಟ್ಟಿದರೆ ಸ್ಕೌಟ್ ನಿಧಿಗೆ 20 ಪೌಂಡ್. ಊಟ, ಡೇರೆ ಎಲ್ಲವನ್ನೂ ದೋಣಿಯಲ್ಲೇ ಒಯ್ಯಬೇಕು. ದಡದಿಂದ ಯಾರೂ ನೆರವಾಗುವಂತಿಲ್ಲ. ಅವರು 89 ಗಂಟೆ 50 ನಿಮಿಷದಲ್ಲಿ ಮುಟ್ಟಿದರು. ಮುಂದೆ ಅದೇ ದೊಡ್ಡ ಕಯಾಕ್ ಸ್ಪರ್ಧೆಯಾಯಿತು. ಈಗಲೂ ಹುಟ್ಟು ಹಿಡಿದು ಅಭ್ಯಾಸವಿಲ್ಲದ ಹೊಸಬರು ಸಹಾಯಾರ್ಥ ಹಣ ಕೂಡಿಸಲು ಅದರಲ್ಲಿ ಇಳಿಯುತ್ತಾರೆ.

ಕಥೆ ಹೇಳಿ ಕಪ್ಪುಹಲಗೆಯ ಮೇಲೆ 201 ÷ 89.5 ಎಂದು ಬರೆದೆ. ಉತ್ತರ ಗಂಟೆಗೆ 2.2 ಕಿ.ಮೀ. ತರಗತಿ ಗೊಳ್ಳೆಂದು ನಕ್ಕಿತು. “ನಮ್ಮ ಅಜ್ಜಿ ಇದಕ್ಕಿಂತ ಜೋರು ನಡೀತಾಳ ಮಿಸ್!”

ನಗು ನಿಲ್ಲುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಮಿಸ್, 50 ನಿಮಿಷ ಅಂದ್ರ ಅರ್ಧ ತಾಸಲ್ಲ.”

ಹಿಂದೆ ಕುಳಿತಿದ್ದ ವೀಕ್ಷಕರ ಪೆನ್ನು ಓಡಿದ್ದು ಕಂಡಿತು. ‘ಉತ್ತರ ಅಷ್ಟೇ ಬರುತ್ತದೆ ಬಿಡು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದು ದಶಮಾಂಶದವರೆಗೆ ಅದು ನಿಜವೂ ಹೌದು. ಆದರೆ ಹಾಗೆ ಅಂದಿದ್ದರೆ ಆ ಹುಡುಗಿ ಮತ್ತೆ ಕೈ ಎತ್ತುತ್ತಿರಲಿಲ್ಲ. ಬರೆದದ್ದನ್ನು ಒರೆಸಿ ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. 50ನ್ನು 60ರಿಂದ ಭಾಗಿಸಿ ಅವಳೇ 89.83 ಎಂದು ಬರೆದಳು.

ಇನ್ನು, ಇಷ್ಟು ನಿಧಾನವೇಕೆ ಎಂಬ ಪ್ರಶ್ನೆ. ಈ ಸ್ಪರ್ಧೆಯ ದಾರಿಯಲ್ಲಿ ದೋಣಿಯನ್ನು ದಡಕ್ಕೆತ್ತಿ ಹೊತ್ತು ನಡೆಯಬೇಕಾದ ಜಾಗಗಳು 77. ಕಾಲುವೆಯ ನೀರಿನ ಮಟ್ಟ ಏರಿಳಿಸುವ ಬಾಗಿಲುಗಳ ಚಿತ್ರಪಟ ತೋರಿಸಿದೆ. ಯಾರ ಮುಖದಲ್ಲೂ ತಿಳಿದ ಲಕ್ಷಣವಿಲ್ಲ. ಆಗ ಕೊನೆಯ ಬೆಂಚಿನಿಂದ, ಎರಡು ವಾರದಲ್ಲಿ ಒಮ್ಮೆಯೂ ಬಾಯಿ ಬಿಡದಿದ್ದ ಹುಡುಗ ಎದ್ದ. ಅವನ ತಾಯಿಯ ತವರು ಕಂಪ್ಲಿ ಕಡೆ, ತುಂಗಭದ್ರೆಯ ದಂಡೆಯಲ್ಲಿ.

“ನಮ್ಮ ಮಾವ ಮೀನು ಹಿಡದು ಬರುವಾಗ ಹರಿಗೋಲು ತಲಿ ಮ್ಯಾಲೆ ಬೋರಲು ಹಾಕ್ಕೊಂಡು ನಡೀತಾನ ಮಿಸ್. ಹೊಳ್ಯಾಗ ಹೋಗೋದಕ್ಕಿಂತ ಅದಕ್ಕ ಹೊತ್ತು ಹಿಡೀತದ. ಹೊಸಬ್ರು ಹುಟ್ಟು ಹಾಕಿದ್ರ ಹರಿಗೋಲು ಗಿರಗಿರ ತಿರುಗ್ತದ, ಮುಂದ ಹೋಗಲ್ಲ.”

ಅವನನ್ನು ಮುಂದೆ ಕರೆದೆ. ಹೇಗೆ ಹೊರುತ್ತಾರೆ, ಹುಟ್ಟು ಹೇಗೆ ಹಾಕುತ್ತಾರೆ ಎಂದು ಅಭಿನಯಿಸಿ ತೋರಿಸಿದ. ಆಮೇಲೆ ನಾನು ಹೇಳಬೇಕಾದದ್ದನ್ನು ಮಕ್ಕಳೇ ಹೇಳಿದರು: ಹೊತ್ತು ನಡೆದದ್ದು, ಮಲಗಿದ್ದು, ಉಂಡದ್ದು, ಎಲ್ಲ ಕಾಲವೂ ಸರಾಸರಿಯಲ್ಲಿ ಸೇರುತ್ತದೆ. 1979ರಲ್ಲಿ ಇಬ್ಬರು ಇದೇ ದೂರವನ್ನು 15 ಗಂಟೆ 34 ನಿಮಿಷದಲ್ಲಿ ಮುಗಿಸಿದರೆಂದು ಹೇಳಿದೆ. ಈ ಬಾರಿ ಇಡೀ ತರಗತಿ 34ನ್ನು 60ರಿಂದ ಭಾಗಿಸಿತು. ಗಂಟೆಗೆ ಸುಮಾರು 12.9 ಕಿ.ಮೀ. ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು.

ಮೌಲ್ಯಮಾಪನದ ಹಂತಕ್ಕೆ ವೇಳೆ ಉಳಿಯಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಅದೂ, ನಿಮಿಷದ ತಪ್ಪೂ ದಾಖಲಾದವು, ಎರಡೂ ನ್ಯಾಯವೇ. ನನಗೆ ಚುಚ್ಚಿದ್ದು ಬೇರೆ. ಆ ಸಂಜೆ ಪಾಠಯೋಜನೆ ತೆರೆದಾಗ ‘ಪೂರ್ವಜ್ಞಾನ’ದ ಅಂಕಣದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಮಕ್ಕಳಿಗೆ ದೋಣಿಯ ಪರಿಚಯವಿಲ್ಲ.’ ಬಳ್ಳಾರಿಯ ಬಿಸಿಲು ನೋಡಿ, ಯಾರನ್ನೂ ಕೇಳದೆ ಬರೆದ ಸಾಲು ಅದು.

ಅದನ್ನು ಹೊಡೆದುಹಾಕಿ ‘ಹರಿಗೋಲು: ಮಕ್ಕಳನ್ನೇ ಕೇಳುವುದು’ ಎಂದು ಬರೆದೆ. ಮನೆಯಲ್ಲಿ ಹೇಳಬೇಕೆಂದಿದ್ದ ಮಾತನ್ನು ಹೇಳಲಿಲ್ಲ. ನಾಲ್ಕನೆಯ ಪಾಠಕ್ಕೆ ಟಿಪ್ಪಣಿ ಬರೆಯಲು ಕುಳಿತೆ.