ಸುವರ್ಣರಥದ ಬೆಲೆ

ಯಾತ್ರೆಯೆಂದರೆ ಮನೆಯ ಸುಖವನ್ನು ಕೆಲವು ದಿವಸ ಬಿಟ್ಟಿರುವದೆಂದು ಹಿಂದಿನವರು ತಿಳಿದಿದ್ದರು. ಬುತ್ತಿಯ ಗಂಟು, ಒಂದು ತಂಬಿಗೆ, ಒಂದು ಕಂಬಳಿ ಇಷ್ಟರಲ್ಲಿ ಅವರ ಸಂಸಾರವೆಲ್ಲ ಅಡಕವಾಗುತ್ತಿತ್ತು. ಗಾಣಗಾಪುರದ ಸಂಗಮಕ್ಕೆ ಹೊರಟವನು ಧರ್ಮಶಾಲೆಯ ನೆಲವನ್ನೇ ಹಾಸಿಗೆಯೆಂದು ಬಗೆಯುತ್ತಿದ್ದನು. ದಾರಿಯ ಆಯಾಸವೂ ಪುಣ್ಯದ ಒಂದು ಪಾಲೆಂದು ಎಣಿಸುತ್ತಿದ್ದನು. ಕಾಲವು ತಿರುಗಿತು. ಮನೆಯಲ್ಲಿಯೂ ಕಾಣದ ಸುಖವನ್ನು ದಾರಿಯಲ್ಲಿ ಕೊಳ್ಳುವ ಯಾತ್ರೆಗಳು ಈಗ ಹುಟ್ಟಿಕೊಂಡಿವೆ. 2021ರಲ್ಲಿ ಮುಂಬಯಿಯ ಬಂದರದಿಂದ ಗೋವೆಗೂ ಲಕ್ಷದ್ವೀಪಕ್ಕೂ ವಿಲಾಸನೌಕೆಯ ಸಂಚಾರವು ಆರಂಭವಾಯಿತು. ನೆಲದ ಮೇಲೆ ಚಲಿಸುವ ಅಂಥದೇ ನೌಕೆಯೊಂದು ಕರ್ನಾಟಕದಲ್ಲಿಯೇ ಉಂಟು. ಅದು 'ಗೋಲ್ಡನ್ ಚಾರಿಯಟ್' ಎಂದು ಹೆಸರಾದ ಸುವರ್ಣರಥ. ಕುಟುಂಬಸಮೇತವಾಗಿ ಇಂಥ ಯಾತ್ರೆಯನ್ನು ಮಾಡುವದು ಕೊಟ್ಟ ಬೆಲೆಗೆ ತಕ್ಕುದೋ ಅಲ್ಲವೋ ಎಂಬ ಜಿಜ್ಞಾಸೆಯು ಸಿರಿವಂತರ ಮನೆಗಳಿಂದ ಇಳಿದು ಈಗ ಸಾಮಾನ್ಯ ಗೃಹಸ್ಥರ ಅಂಗಳಕ್ಕೂ ಬಂದಿದೆ.

ಮೊದಲು ಈ ರಥದ ಸ್ವರೂಪವನ್ನು ತಿಳಿಯುವದು ಯುಕ್ತ. ಅರಸರು ಬಳಸುತ್ತಿದ್ದ ಹಳೆಯ ಡಬ್ಬಿಗಳಿಂದ 1982ರಲ್ಲಿ ರಾಜಸ್ಥಾನದ 'ಪ್ಯಾಲೇಸ್ ಆನ್ ವ್ಹೀಲ್ಸ್' ಎಂಬ ಗಾಡಿಯು ಹುಟ್ಟಿತು. 2004ರಲ್ಲಿ ಮಹಾರಾಷ್ಟ್ರದಲ್ಲಿ 'ಡೆಕ್ಕನ್ ಒಡಿಸ್ಸಿ' ಹೊರಟಿತು. ಕರ್ನಾಟಕದ ಸುವರ್ಣರಥವು 2008ರಲ್ಲಿ ಆರಂಭವಾಯಿತು. ಹಂಪೆಯ ವಿಠ್ಠಲನ ಗುಡಿಯ ಅಂಗಳದಲ್ಲಿರುವ ಕಲ್ಲಿನ ತೇರು ಇದರ ಹೆಸರಿಗೆ ಮೂಲ. ಇದರ ಡಬ್ಬಿಗಳಿಗೆ ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಬಹಮನಿ, ಆದಿಲಶಾಹಿ ಮುಂತಾಗಿ ನಾಡನ್ನಾಳಿದ ವಂಶಗಳ ಹೆಸರನ್ನಿಟ್ಟಿದ್ದಾರೆ. ಊಟದ ಶಾಲೆಗಳಿಗೆ 'ರುಚಿ', 'ನಳಪಾಕ' ಎಂದು ನಾಮಕರಣವಾಗಿದೆ. ಮೊದಲು ರಾಜ್ಯದ ಪ್ರವಾಸೋದ್ಯಮ ನಿಗಮವು ಇದನ್ನು ನಡೆಯಿಸಿತು. ಗಾಡಿಯು ನಡುವೆ ನಿಂತು, ಬಳಿಕ ಐ.ಆರ್.ಸಿ.ಟಿ.ಸಿ. ಎಂಬ ರೈಲ್ವೆಯ ಸಂಸ್ಥೆಯ ಕೈಗೆ ಬಂದು, 2024ರ ಡಿಸೆಂಬರದಲ್ಲಿ ಪುನಃ ಹೊರಟಿತು.

ಆಗ ಪ್ರಕಟವಾದ ದರವನ್ನು ನೋಡೋಣ. ಬೆಂಗಳೂರಿನಿಂದ ಹೊರಟು ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪೆ, ಗೋವೆಗಳನ್ನು ತೋರಿಸಿ ಬೆಂಗಳೂರಿಗೆ ಮರಳಿಸುವ ಐದು ರಾತ್ರಿಗಳ ಪ್ರವಾಸಕ್ಕೆ ತಲೆಗೆ 4,00,530 ರೂಪಾಯಿ. ಅದರ ಮೇಲೆ ನೂರಕ್ಕೆ ಐದರಂತೆ ತೆರಿಗೆ. ನಾಲ್ವರಿರುವ ಕುಟುಂಬವು ಹೊರಟರೆ ದರವೇ 16,02,120 ರೂಪಾಯಿ, ತೆರಿಗೆಯು 80,106 ರೂಪಾಯಿ, ಒಟ್ಟು 16,82,226 ರೂಪಾಯಿ ಆಗುವದು. ಒಬ್ಬನ ಒಂದು ರಾತ್ರಿಯ ವೆಚ್ಚವನ್ನು ಲೆಕ್ಕ ಹಾಕಿದರೆ ಅದೂ 80,106 ರೂಪಾಯಿಯೇ. ಅಂದರೆ ನಾಲ್ವರ ತೆರಿಗೆಯಲ್ಲಿಯೇ ಒಬ್ಬನು ಒಂದು ರಾತ್ರಿ ಆ ಗಾಡಿಯಲ್ಲಿ ಮಲಗಿ ಏಳಬಹುದು.

ಕಲಬುರ್ಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಮಹಾಗಾಂವದಲ್ಲಿ ಒಬ್ಬ ಗೃಹಸ್ಥರ ಮನೆಯಲ್ಲಿ ಈ ಲೆಕ್ಕವು ಒಂದು ಸಂಜೆ ಪಡಸಾಲೆಯ ಚರ್ಚೆಯಾಯಿತು. ಅವರು ಜನ್ಮವಿಡೀ ತೊಗರಿಯನ್ನು ಬೆಳೆದವರು. ಅವರ ಮಗನು ಬೆಂಗಳೂರಿನಲ್ಲಿ ಕಂಪ್ಯೂಟರದ ಉದ್ಯೋಗದಲ್ಲಿದ್ದು ಕೈತುಂಬ ಸಂಪಾದಿಸುವವನು; ಸೊಸೆಯೂ ಉದ್ಯೋಗಸ್ಥಳು. ತಂದೆಗೆ ಎಪ್ಪತ್ತು ತುಂಬುವ ವರ್ಷದಲ್ಲಿ ತಂದೆತಾಯಿಗಳನ್ನು ಸುವರ್ಣರಥದಲ್ಲಿ ಕೂಡ್ರಿಸಬೇಕೆಂದು ಮಗನು ಮನಸ್ಸು ಮಾಡಿದ್ದನು.

"ಅಪ್ಪಾ, ಹೊಲ ಬಿಟ್ಟು ನೀವು ಯಾವ ಊರು ನೋಡೀರಿ? ಅವ್ವನ ಮೊಣಕಾಲು ಇನ್ನೆರಡು ವರ್ಷಕ್ಕ ಏನಾಗ್ತಾವೋ ಏನೋ. ರೊಕ್ಕ ನಾ ಕೊಡ್ತೀನಿ, ನೀವು ಹೂಂ ಅನ್ರಿ ಸಾಕು" ಎಂದು ಅವನ ಮಾತು.

"ರೊಕ್ಕ ಯಾರದಾದರೇನು, ತೂಗೋ ತಕ್ಕಡಿ ಒಂದೇ ಅಲ್ಲೇನಪ್ಪಾ?" ಎಂದು ಹಿರಿಯರು ಅಂದರು. ಅವರ ತಕ್ಕಡಿಯು ತೊಗರಿಯ ತಕ್ಕಡಿ. 2024–25ರಲ್ಲಿ ಸರಕಾರವು ತೊಗರಿಗೆ ಕಟ್ಟಿದ ಬೆಂಬಲಬೆಲೆಯು ಕ್ವಿಂಟಲಿಗೆ 7,550 ರೂಪಾಯಿ. ಆ ಬೆಲೆಯಲ್ಲಿ ಈ ಯಾತ್ರೆಯು ಸುಮಾರು 223 ಕ್ವಿಂಟಲ್ ತೊಗರಿಯಾಯಿತು. ಎಕರೆಗೆ ಐದು ಕ್ವಿಂಟಲ್ ಹಿಡಿದರೂ ನಾಲ್ವತ್ತುನಾಲ್ಕು ಎಕರೆಗೆ ಮಿಕ್ಕ ಹೊಲದ ಒಂದು ವರ್ಷದ ಬೆಳೆ. ಅದರಲ್ಲಿ ಬಿತ್ತನೆ, ಕಳೆ, ಔಷಧ, ಕೂಲಿಗಳನ್ನು ಕಳೆದಿಲ್ಲ.

ತಾಯಿಯು ಬಹಳ ಹೊತ್ತು ಸುಮ್ಮನೆ ಕೇಳಿದಳು. ಕಡೆಗೆ, "ಆ ಗಾಡಿ ಮಳಖೇಡಕ್ಕ ಹೋಗ್ತದೇನೋ ತಮ್ಮಾ?" ಎಂದು ಕೇಳಿದಳು. ಅವಳ ತವರಿನ ದಾರಿಯು ಮಳಖೇಡದ ಮೇಲೆಯೇ ಹಾಯುವದು. ಕೋಟೆಯನ್ನು ಬಸ್ಸಿನ ಕಿಡಿಕಿಯಿಂದ ಐವತ್ತು ವರ್ಷ ನೋಡಿದ್ದಳೇ ಹೊರತು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಆ ಗಾಡಿಯು ಅಲ್ಲಿಗೆ ಹೋಗುವದಿಲ್ಲವೆಂದು ಮಗನು ಹೇಳಬೇಕಾಯಿತು.

ಈ ವಿಷಯದಲ್ಲಿ ಪೂರ್ವಪಕ್ಷವು ದುರ್ಬಲವಾದುದಲ್ಲ. ಹಣವು ಕೂಡಿಡುವದಕ್ಕಾಗಿಯೇ ಇಲ್ಲ. ಭೋಗವೂ ಅದರ ಒಂದು ಗತಿಯೆಂದು ಶಾಸ್ತ್ರಜ್ಞರು ಒಪ್ಪಿದ್ದಾರೆ. ಮುಪ್ಪಿನವರಿಗೆ ಪ್ರವಾಸದಲ್ಲಿ ಕಷ್ಟವಾಗುವದು ನೋಟದಿಂದಲ್ಲ. ಗಂಟು ಹೊರುವದು, ಕೋಣೆ ಹುಡುಕುವದು, ಶೌಚದ ಅನಾನುಕೂಲ, ಊಟದ ಅನಿಶ್ಚಯ ಇವುಗಳಿಂದ. ಸುವರ್ಣರಥದಲ್ಲಿ ಇವೊಂದೂ ಇಲ್ಲ. ರಾತ್ರಿಯಲ್ಲಿ ಮಲಗಿದಲ್ಲಿಯೇ ಊರು ದಾಟುವದು. ಗಂಟು ಬಿಚ್ಚಿ ಕಟ್ಟುವ ಗೋಜಿಲ್ಲ. ಅಂಗವಿಕಲರಿಗೆಂದೇ ಒಂದು ಕೋಣೆಯನ್ನು ಅದರಲ್ಲಿ ಏರ್ಪಡಿಸಿದ್ದಾರೆ. ಊಟ, ಮಾರ್ಗದರ್ಶಕ, ಪ್ರವೇಶಶುಲ್ಕ ಇವೆಲ್ಲ ದರದಲ್ಲಿಯೇ ಸೇರಿವೆ.

ಇನ್ನು ಬೆಲೆಯು ಅಷ್ಟೇಕೆ ಎಂದರೆ, ಅದಕ್ಕೂ ಕಾರಣವುಂಟು. ಸುವರ್ಣರಥದಲ್ಲಿ ನಾಲ್ವತ್ತು ಕೋಣೆಗಳು, ಎಂಬತ್ತು ಜನರಿಗೆ ಸ್ಥಳ. ಈಗಿನ ಹೊಸ ಮಾದರಿಯ ಸಾಮಾನ್ಯ ಸ್ಲೀಪರ್ ಡಬ್ಬಿ ಒಂದರಲ್ಲಿಯೇ ಎಂಬತ್ತು ಮಲಗುವ ಹಲಗೆಗಳಿರುತ್ತವೆ. ಅಂದರೆ ಅಲ್ಲಿ ಒಂದು ಡಬ್ಬಿಯಲ್ಲಿ ಹಿಡಿಯುವ ಜನಕ್ಕಾಗಿ ಇಲ್ಲಿ ಒಂದು ಇಡಿಯ ಗಾಡಿಯೇ ಓಡುವದು. ಎಂಜಿನು, ಹಳಿಯ ಬಾಡಿಗೆ, ಅಡಿಗೆಯವರು, ಸೇವಕರು ಇವರೆಲ್ಲರ ವೆಚ್ಚವನ್ನು ಎಂಬತ್ತೇ ತಲೆಗಳಿಗೆ ಹಂಚಬೇಕು. ಕೋಣೆಗಳು ಖಾಲಿ ಉಳಿದರೆ ಇನ್ನೂ ಕಡಿಮೆ ತಲೆಗಳಿಗೆ. ಆದ್ದರಿಂದ ಪ್ರಯಾಣಿಕನು ಮುಖ್ಯವಾಗಿ ಕೊಳ್ಳುವ ವಸ್ತುವು ಬಂಗಾರವೂ ಅಲ್ಲ, ಭಕ್ಷ್ಯಭೋಜ್ಯವೂ ಅಲ್ಲ. ಅವಕಾಶ, ಎಂದರೆ ಇತರರಿಲ್ಲದ ತೆರಪು. 1917ರಲ್ಲಿ ಗಾಂಧೀಜಿಯವರು ಮೂರನೆಯ ವರ್ಗದ ಪ್ರಯಾಣಿಕರ ಇಕ್ಕಟ್ಟನ್ನು ಕುರಿತು ಬರೆದರು. ಆ ಇಕ್ಕಟ್ಟಿನ ನೇರ ವಿರುದ್ಧ ಕೊನೆಯು ಈ ಗಾಡಿ. ಬೆಲೆಯು ಮೋಸದ್ದೆಂದು ಹೇಳಲು ಬಾರದು.

ಆದರೂ ಬೆಲೆಯು ನ್ಯಾಯವಾದುದೆಂಬುದು ಒಂದು ಮಾತು. ಕೊಳ್ಳುವವನಿಗೆ ತಕ್ಕುದೆಂಬುದು ಇನ್ನೊಂದು ಮಾತು. ದಾನವನ್ನು ಕೊಡುವಾಗ ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಬೇಕೆಂದು ಹಿರಿಯರು ವಿಧಿಸಿದರು. ಮನೆಯವರ ಸುಖಕ್ಕಾಗಿ ಮಾಡುವ ದೊಡ್ಡ ವೆಚ್ಚವನ್ನೂ ಇದೇ ಮೂರು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡಬಹುದು.

ದೇಶವೆಂದರೆ ನೋಡುವ ನಾಡು. ಐದು ರಾತ್ರಿಗಳಲ್ಲಿ ಆರು ಸ್ಥಳಗಳು. ಒಂದೊಂದಕ್ಕೆ ದೊರೆಯುವದು ಒಂದು ದಿನ, ಇಲ್ಲವೆ ಅದಕ್ಕೂ ಕಡಿಮೆ. ಹಂಪೆಯಂಥ ಹಂಪೆಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕು. ಇನ್ನೊಂದು ವಿಚಿತ್ರವನ್ನು ಕಲಬುರ್ಗಿಯ ಸೀಮೆಯವರು ಗಮನಿಸದೆ ಇರಲಾರರು. ಗಾಡಿಯಲ್ಲಿ ರಾಷ್ಟ್ರಕೂಟರ ಹೆಸರಿನ ಡಬ್ಬಿಯಿದೆ. ಅವರ ರಾಜಧಾನಿಯಾದ ಮಾನ್ಯಖೇಟವು ಅದರ ಮಾರ್ಗದಲ್ಲಿಲ್ಲ. ಬಹಮನಿಯರ ಹೆಸರಿನ ಡಬ್ಬಿಯಿದೆ. 1347ರಲ್ಲಿ ಆ ಅರಸುತನವು ತಲೆಯೆತ್ತಿದ ಕಲಬುರ್ಗಿಯೂ ಮಾರ್ಗದಲ್ಲಿಲ್ಲ, ಮುಂದೆ ರಾಜಧಾನಿಯಾದ ಬೀದರವೂ ಇಲ್ಲ. ಕಾಗಿಣೆಯ ದಂಡೆಯ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗನು ಆಳಿದನು. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಇಂದು ಉಳಿದ ಕನ್ನಡ ಕೃತಿಗಳಲ್ಲಿ ಮೊದಲನೆಯದು. 851ರ ಸುಮಾರಿಗೆ ಅರಬ ವರ್ತಕನಾದ ಸುಲೈಮಾನನ ಹೆಸರಿನ ವೃತ್ತಾಂತದಲ್ಲಿ ಈ ವಂಶದ ಅರಸನನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಎಣಿಸಲಾಗಿದೆ. ಕಲಬುರ್ಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಅಂಥ ಕಟ್ಟಡವು ನಾಡಿನಲ್ಲಿ ಅಪರೂಪ. ಇವನ್ನು ನೋಡುವದಕ್ಕೆ ಮಹಾಗಾಂವದವನು ಬೆಂಗಳೂರಿಗೆ ಹೋಗಿ ಗಾಡಿಯನ್ನು ಹತ್ತಬೇಕಾಗಿಲ್ಲ, ಹತ್ತಿದರೂ ಕಾಣಿಸವು.

ಕಾಲವೆಂಬುದು ಎರಡನೆಯದು. ಮಗನು ಆಡಿದ ಮಾತಿನಲ್ಲಿ ಎಲ್ಲಕ್ಕೂ ತೂಕವಾದುದು ತಾಯಿಯ ಮೊಣಕಾಲಿನ ಮಾತು. ಆದರೆ ಆ ಮಾತು ಗಾಡಿಯ ಕಡೆಗೆ ಅಲ್ಲ, ವೈದ್ಯನ ಕಡೆಗೆ ಬೆರಳು ತೋರಿಸುವದು. ಕಲಬುರ್ಗಿಯಲ್ಲಿ ವಿಚಾರಿಸಲು, ಒಂದು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೇಳಿದ ಮೊತ್ತವು ಸುವರ್ಣರಥದಲ್ಲಿ ಒಬ್ಬರ ದರಕ್ಕಿಂತ ಕಡಿಮೆಯಾಯಿತು. ನಡೆಯಲಾರದವಳನ್ನು ಐದು ರಾತ್ರಿ ಮೆತ್ತನೆಯ ಹಾಸಿಗೆಯ ಮೇಲೆ ಒಯ್ಯುವದಕ್ಕಿಂತ, ನಡೆಯುವಂತೆ ಮಾಡಿ ಆಮೇಲೆ ಕರೆದೊಯ್ಯುವದು ಮೇಲಲ್ಲವೇ? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ಸೊಸೆ. ಮಗನು ತಾಯಿಯ ಮುಖವನ್ನು ನೋಡಿದನು. ಶಸ್ತ್ರಚಿಕಿತ್ಸೆಯ ಮಾತನ್ನು ಎರಡು ವರ್ಷದಿಂದ ಅವಳೇ ಖರ್ಚಿನ ಭಯದಿಂದ ಮುಂದೂಡುತ್ತ ಬಂದಿದ್ದಳೆಂಬುದು ಆಗ ತಿಳಿಯಿತು.

ಮೂರನೆಯದು ಪಾತ್ರ. ಸುವರ್ಣರಥಕ್ಕೂ ತಕ್ಕ ಪಾತ್ರರಿದ್ದಾರೆ. ದೂರದೇಶದಿಂದ ಬಂದು ಭಾಷೆಯನ್ನರಿಯದೆ, ವಾರದೊಳಗೆ ನಾಡನ್ನು ಕಾಣಬೇಕೆನ್ನುವ ಮುದುಕರಿಗೆ ಅದು ಊರುಗೋಲು. ಕೈಹಿಡಿದು ನಡೆಯಿಸುವ ಮಕ್ಕಳಿಲ್ಲದವರಿಗೂ ಹಾಗೆಯೇ. ಆ ಹಣವು ಹೋದರೂ ಮನೆಯ ಯಾವ ಕೆಲಸವೂ ನಿಲ್ಲದಂಥ ಅನುಕೂಲವಂತರ ವಿಷಯದಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ಆದರೆ ಯಾವ ಮನೆಯಲ್ಲಿ ಗಾಡಿ ನಡೆಯಿಸಬಲ್ಲ ಮಗನಿರುವನೋ, ದಾರಿಯ ಭಾಷೆಯೇ ಮನೆಯ ಭಾಷೆಯಾಗಿರುವದೋ, ಆ ಮನೆಯವರು ಇದಕ್ಕೆ ಕೊಡುವ ಹಣದ ಬಹುಭಾಗವು ತಮ್ಮಲ್ಲಿಯೇ ಇರುವ ವಸ್ತುವಿಗೆ ತೆತ್ತಂತಾಗುವದು.

ಆದರೂ ಒಂದು ವಸ್ತುವನ್ನು ಸುವರ್ಣರಥವು ನಿಜವಾಗಿಯೂ ಮಾರುವದು, ಅದನ್ನು ಮರೆಯಬಾರದು. ಅದು ದಿನನಿಶ್ಚಯ. ಹದಿನಾರು ಲಕ್ಷವನ್ನು ಮುಂಗಡವಾಗಿ ಕಟ್ಟಿದ ಮಗನು ಕಚೇರಿಯ ಕೆಲಸವಿದೆಯೆಂದು ಕಡೆಯ ಗಳಿಗೆಯಲ್ಲಿ ಹಿಂದೆಗೆಯಲಾರನು. ಐದು ದಿನ ತಂದೆತಾಯಿಗಳ ಎದುರಿಗೇ ಕುಳಿತಿರುವನು. ಕಾಸು ಖರ್ಚಿಲ್ಲದ ಪ್ರವಾಸವಾದರೋ ದಸರೆಯಿಂದ ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ಜಾರುತ್ತ ಹೋಗುವದು. ಅನೇಕ ಮನೆಗಳಲ್ಲಿ ಹಿರಿಯರು ಕಣ್ಮುಚ್ಚುವ ವರೆಗೂ ಹಾಗೆ ಜಾರಿದ ಉದಾಹರಣೆಗಳುಂಟು. ಮಹಾಗಾಂವದ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾದ್ದರಿಂದ ಮಗನಿಗೆ ಹೇಳಿದ್ದಿಷ್ಟೇ: "ರೊಕ್ಕ ಬ್ಯಾಡಪ್ಪಾ, ತಾರೀಖು ಕೊಡು." ಮಗನು ಗೋಡೆಯ ಕ್ಯಾಲೆಂಡರದಲ್ಲಿ ಆರು ದಿನಗಳಿಗೆ ಗುರುತು ಹಾಕಿ, ಅಂದೇ ರಜೆಯನ್ನು ಬೇಡಿ ಬರೆದನು.

ಶಸ್ತ್ರಚಿಕಿತ್ಸೆಯು ಮೊದಲು ಆಯಿತು. ತಿಂಗಳುಗಳ ಅಭ್ಯಾಸದ ಬಳಿಕ ತಾಯಿಯು ಕೋಲು ಹಿಡಿದು, ಆಮೇಲೆ ಕೋಲಿಲ್ಲದೆ ನಡೆದಳು. ಚಳಿಗಾಲದಲ್ಲಿ ಗುರುತು ಹಾಕಿದ ದಿನದಂದೇ ನಾಲ್ವರೂ ಬಾಡಿಗೆಯ ಕಾರಿನಲ್ಲಿ ಹೊರಟರು: ಕಲಬುರ್ಗಿಯ ಕೋಟೆ, ಮಳಖೇಡ, ಸನ್ನತಿಯ ಚಂದ್ರಲಾಂಬೆ, ಆ ಬಳಿಕ ಹಂಪೆಯಲ್ಲಿ ಪೂರ್ತಿ ಎರಡು ದಿನ. ಒಳ್ಳೆಯ ವಸತಿಗೃಹಗಳಲ್ಲಿಯೇ ಇಳಿದುಕೊಂಡರು. ರಥಕ್ಕಾಗಿ ಎಣಿಸಿದ ಹಣದ ಹತ್ತನೆಯ ಒಂದು ಪಾಲೂ ಖರ್ಚಾಗಲಿಲ್ಲ. ಒಂದು ದಿನ ದಾರಿಯಲ್ಲಿ ಊಟವು ಸೇರಲಿಲ್ಲ; ಇನ್ನೊಂದು ದಿನ ಚಕ್ರದ ಗಾಳಿ ಹೋಗಿ ಬಿಸಿಲಿನಲ್ಲಿ ಎರಡು ತಾಸು ಕಾಯಬೇಕಾಯಿತು. ಸುವರ್ಣರಥದಲ್ಲಿ ಇವು ಇರುತ್ತಿರಲಿಲ್ಲವೆಂಬುದು ನಿಜ.

ಮಳಖೇಡದಲ್ಲಿ ತಾಯಿಯು ಕೋಟೆಯ ಬಾಗಿಲನ್ನು ದಾಟಿ ಒಳಗೆ ಬಂದು, ಕಾಗಿಣೆಯು ಕಾಣುವಲ್ಲಿ ಬಹಳ ಹೊತ್ತು ಕುಳಿತಳು. ತವರಿಗೆ ಹೋಗುವ ಬಸ್ಸಿನ ರಸ್ತೆ ಯಾವ ಕಡೆಗೆ ಎಂದು ಸೊಸೆಗೆ ಬೆರಳಿನಿಂದ ತೋರಿಸಿದಳು. ಅಲ್ಲಿ ಅವಸರಪಡಿಸುವ ಮಾರ್ಗದರ್ಶಕನಾಗಲಿ, ಹೊರಡುವ ಗಂಟೆಯಾಗಲಿ ಇರಲಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ಇಂಥ ಯಾತ್ರೆಯ ಬೆಲೆಯನ್ನು ಹಣದಿಂದ ಅಳೆಯುವ ಮೊದಲು, ಅದರಿಂದ ಕೊಳ್ಳಬೇಕೆಂದಿರುವ ವಸ್ತುವು ಯಾವದೆಂದು ಮನೆಯವರೆಲ್ಲ ಕುಳಿತು ಕೇಳಿಕೊಳ್ಳತಕ್ಕದ್ದು. ಶ್ರಮವಿಲ್ಲದ ದಾರಿಯೇ ಬೇಕಾದಲ್ಲಿ ಸುವರ್ಣರಥವೂ ವಿಲಾಸನೌಕೆಯೂ ತಮ್ಮ ಬೆಲೆಗೆ ತಕ್ಕುವೇ. ಆರೋಗ್ಯವು ಬೇಕಾದಲ್ಲಿ ವೈದ್ಯನಿದ್ದಾನೆ. ಒಬ್ಬರೊಡನೊಬ್ಬರು ಕೂಡಿ ಕಳೆಯುವ ಕಾಲವು ಬೇಕಾದಲ್ಲಿ ಅದಕ್ಕೆ ದರಪಟ್ಟಿಯಿಲ್ಲ. ಕೊಡುವ ಮನಸ್ಸು ಬೇಕು, ಕೊಟ್ಟ ದಿನವನ್ನು ತಪ್ಪಿಸದಿರುವ ನಿಷ್ಠೆ ಬೇಕು.