ಕುದುರೆಗೆ ಲಾಕ್‌ಡೌನ್ ಇಲ್ಲ

ನಮ್ಮ ಬೀದಿಯ ಟಾಂಗಾ ಚಾಚಾ ಅವರ ಬಳಿ 2020ರ ಆರಂಭದಲ್ಲಿ ಎರಡು ಕುದುರೆಗಳಿದ್ದವು. ಬೆಳಿಗ್ಗೆ ಒಂದಕ್ಕೆ ದುಡಿಮೆ, ಸಂಜೆ ಇನ್ನೊಂದಕ್ಕೆ. ಮೈಸೂರು ಅರಮನೆಯ ಬಳಿ ಗಾಡಿ ನಿಲ್ಲಿಸಿ, ಕೇರಳದಿಂದ ಬರುವ ಕುಟುಂಬಗಳನ್ನು, ಶಾಲಾ ಪ್ರವಾಸದ ಮಕ್ಕಳನ್ನು ಸುತ್ತಾಡಿಸಿ ತಂದ ಹಣದಲ್ಲೇ ಮನೆಯ ಅಕ್ಕಿ, ಕುದುರೆಯ ಹುರುಳಿ ಎಲ್ಲವೂ ಆಗಬೇಕಿತ್ತು.

ಮಾರ್ಚ್ ಮಧ್ಯದಲ್ಲಿ ಕೊರೋನಾ ಕಾರಣ ಅರಮನೆ, ಮೃಗಾಲಯ ಮುಚ್ಚಿದವು. 25ರಿಂದ ಇಡೀ ದೇಶಕ್ಕೇ ಬೀಗ ಬಿತ್ತು. ಹೋಟೆಲಿನವರು ಬಾಗಿಲು ಹಾಕಿದರೆ ಗ್ಯಾಸು, ದಿನಸಿಯ ಖರ್ಚಾದರೂ ಉಳಿಯುತ್ತದೆ. ಟ್ಯಾಕ್ಸಿ ನಿಂತರೆ ಡೀಸೆಲ್ ಬೇಡ. ಸಾಲದ ಕಂತಿನ ಮಾತು ಬೇರೆ. ಕುದುರೆಗೆ ಮಾತ್ರ ದುಡಿಮೆ ಇರಲಿ, ಇಲ್ಲದಿರಲಿ, ಹೊತ್ತು ಹೊತ್ತಿಗೆ ಹುಲ್ಲು, ಬೂಸಾ, ಹುರುಳಿ ಬೀಳಲೇಬೇಕು. ನಿಂತಲ್ಲೇ ನಿಂತರೆ ಕಾಲು ಬಾತುಕೊಳ್ಳುತ್ತದೆಂದು ಚಾಚಾ ನಸುಕಿನಲ್ಲೇ ಎದ್ದು, ಪೊಲೀಸರ ಕಣ್ಣು ತಪ್ಪಿಸಿ, ಒಂದೊಂದನ್ನೇ ಬೀದಿಯಲ್ಲಿ ನಡೆಸುತ್ತಿದ್ದರು. ಆ ಗೊರಸಿನ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಸರಕಾರದ ಪಡಿತರ ಬಂತು, ನಿಜ. ಪಡಿತರ ಚೀಟಿಯಲ್ಲಿ ಕುದುರೆಯ ಹೆಸರಿರುವುದಿಲ್ಲವಲ್ಲ!

ಟಿಕೆಟ್ ಹಣವನ್ನೇ ನಂಬಿದ್ದ ಮೃಗಾಲಯವೂ ಆಗ ಕಷ್ಟಕ್ಕೆ ಸಿಲುಕಿತು. ಪ್ರಾಣಿಗಳ ಆಹಾರಕ್ಕಾಗಿ ಮನವಿ ಮಾಡಿದಾಗ ದಾನಿಗಳು ಕೈ ತುಂಬ ಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ಆನೆ, ಹುಲಿಗೆ ಮರುಗಿದ ನಮ್ಮ ಊರಿಗೆ ದಿನವೂ ರಸ್ತೆಯಲ್ಲಿ ಕಾಣುವ ಕುದುರೆ ಕಾಣಿಸಲಿಲ್ಲ. ನನಗೂ ತಡವಾಗಿಯೇ ಕಾಣಿಸಿತು.

ಮೇ 6ರಂದು ರಾಜ್ಯ ಸರಕಾರ 1,610 ಕೋಟಿ ರೂಪಾಯಿಗಳ ಪರಿಹಾರ ಪ್ರಕಟಿಸಿತು. ಮರುದಿನ ಚಾಚಾ ಪತ್ರಿಕೆ ಹಿಡಿದು ಬಂದರು.

“ಮೇಷ್ಟ್ರೇ, ಇದರಲ್ಲಿ ಟಾಂಗಾದವರು ಇದ್ದಾರಾ, ಸ್ವಲ್ಪ ನೋಡಿ.”

ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ ಐದು ಸಾವಿರ ಎಂದಿತ್ತು. ಕ್ಷೌರಿಕರು, ಅಗಸರು ಇದ್ದರು. ಎರಡು ಸಲ ಓದಿದೆ. ಹೇಳುವ ಮೊದಲೇ ನನ್ನ ಮುಖ ನೋಡಿ ಅವರಿಗೆ ತಿಳಿಯಿತು. “ಇರಲಿ ಬಿಡಿ” ಎಂದು ಪತ್ರಿಕೆ ಮಡಚಿಕೊಂಡು ಹೋದರು.

ದಸರೆಗಾದರೂ ನಾಲ್ಕು ಕಾಸು ಕಂಡೇವು ಎಂದುಕೊಂಡಿದ್ದರು. ಆ ವರ್ಷ ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಹಬ್ಬ ಮುಗಿದ ವಾರದಲ್ಲೇ ಒಂದು ಕುದುರೆ ಮಾರಿದರು. ಎಷ್ಟಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 146 ಕೋಟಿ ಇದ್ದ ವಿದೇಶ ಪ್ರವಾಸಿಗರ ಸಂಖ್ಯೆ 2020ರಲ್ಲಿ 40 ಕೋಟಿಯ ಆಸುಪಾಸಿಗೆ ಕುಸಿಯಿತೆಂದು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಲೆಕ್ಕ ಹಾಕಿದೆ. ಅವರ ಖರ್ಚಿನಿಂದ ದೇಶಗಳಿಗೆ ಬರಬೇಕಿದ್ದ ಆದಾಯದಲ್ಲಿ ನಷ್ಟ 1.3 ಲಕ್ಷ ಕೋಟಿ ಡಾಲರ್. ಭಾರತಕ್ಕೆ ಬಂದ ವಿದೇಶಿಯರು ಒಂದು ಕೋಟಿ ಒಂಬತ್ತು ಲಕ್ಷದಿಂದ 27 ಲಕ್ಷಕ್ಕೆ ಇಳಿದರು. ಮಾರಿಹೋದ ಕುದುರೆ ಯಾವ ಲೆಕ್ಕದಲ್ಲೂ ಇಲ್ಲ.

2024ಕ್ಕೆ ಜಗತ್ತಿನ ಪ್ರವಾಸೋದ್ಯಮ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಮರಳಿತಂತೆ. ಅರಮನೆಯ ಮುಂದೆಯೂ ಜನವೋ ಜನ. ಚಾಚಾ ಈಗ ಮಧ್ಯಾಹ್ನ ಮೂರಕ್ಕೆ ಗಾಡಿ ಕಟ್ಟುತ್ತಾರೆ. ಇರುವ ಒಂದು ಕುದುರೆಗೆ ವಯಸ್ಸಾಗಿದೆ, ಬೆಳಗಿನ ಹೊತ್ತು ಅದಕ್ಕೆ ವಿಶ್ರಾಂತಿ ಬೇಕು.