ಪ್ರಸಾದಕಾಯಕ್ಕೊಂದು ತರಕಾರಿ ಸೂಪು

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವವರಿಗೆ ಆ ಅಂಗವನ್ನು ಕಡೆಗಣಿಸುವ ಅಧಿಕಾರವಿಲ್ಲ. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಉಣ್ಣುವುದೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂಬ ಭಾವದಿಂದ ಸ್ವೀಕರಿಸಿದಾಗ ಈ ದೇಹವು ಪ್ರಸಾದಕಾಯವೆನಿಸುವುದೆಂದು ಹಿರಿಯರು ನಮಗೆ ಬೋಧಿಸಿದ್ದಾರೆ. ಹೀಗಿರುವಾಗ ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದು ಅಡುಗೆಮನೆಯ ವಿಚಾರ ಮಾತ್ರವಲ್ಲ, ಧರ್ಮವಿಚಾರವೂ ಹೌದು.

ಹಲಸೂರಿನ ಕೆರೆಯ ಬದಿಯಲ್ಲಿ ಬೆಳಗಿನ ನಡಿಗೆಗೆ ಹೊರಟಾಗ ಪರಿಚಯದ ಭಕ್ತರು ನಮ್ಮೊಡನೆ ಜೊತೆಗೂಡುವುದುಂಟು. ಈಚಿನ ವರ್ಷಗಳಲ್ಲಿ ಅವರಲ್ಲಿ ಹಲವರ ಪ್ರಶ್ನೆ ಒಂದೇ: “ಗುರುಗಳೇ, ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ಕೊಬ್ಬು ತುಂಬಿದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮದ್ಯ ಮುಟ್ಟಿದವರಿಲ್ಲ, ಮಾಂಸವಂತೂ ದೂರ. ಈ ರೋಗ ನಮಗೆ ಹೇಗೆ ಬಂತು?” ಈ ಪ್ರಶ್ನೆಯ ಹಿಂದೆ ನೋವಿದೆ, ಲಜ್ಜೆಯೂ ಇದೆ. ಬಂಧುಗಳು ಏನೆಂದುಕೊಂಡಾರೋ ಎಂಬ ಅಂಜಿಕೆಯಿಂದ ವರದಿಯ ಕಾಗದವನ್ನು ಬೀರುವಿನಲ್ಲಿ ಬಚ್ಚಿಟ್ಟು, ಮತ್ತೆ ವೈದ್ಯರ ಮುಖ ನೋಡದವರೂ ಇದ್ದಾರೆ. ಈ ಲೇಖನ ಮುಖ್ಯವಾಗಿ ಅಂತಹವರಿಗಾಗಿ.

ಯಕೃತ್ತು ಬಲಪಕ್ಕೆಲುಬುಗಳ ಅಡಿಯಲ್ಲಿ ಕುಳಿತು ಹಗಲಿರುಳು ಕಾಯಕ ಮಾಡುವ ಅಂಗ. ವಯಸ್ಕರಲ್ಲಿ ಅದರ ತೂಕ ಸುಮಾರು 1.5 ಕಿಲೋ. ಪಿತ್ತರಸವನ್ನು ತಯಾರಿಸುವುದು, ಅನ್ನದ ಸಾರವನ್ನು ಕೂಡಿಡುವುದು, ರಕ್ತ ಸೇರಿದ ವಿಷಾಂಶಗಳನ್ನು ನಿರ್ವಿಷಗೊಳಿಸುವುದು ಇವೆಲ್ಲ ಅದರ ಹೊಣೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಬಂದ ಸಕ್ಕರೆ ಮತ್ತು ಪಿಷ್ಟವನ್ನು ಅದು ಕೊಬ್ಬನ್ನಾಗಿ ಮಾರ್ಪಡಿಸುತ್ತದೆ. ಆ ಕೊಬ್ಬು ಅಲ್ಲಿಯೇ ನೆಲೆಗೊಂಡರೆ ಮೊದಮೊದಲು ಯಾವ ನೋವೂ ತೋರದು. ಕೆಲವರಲ್ಲಿ ಮಾತ್ರ ಉರಿಯೂತವಾಗಿ, ವರ್ಷಗಳು ಕಳೆದಂತೆ ಯಕೃತ್ತು ಗಡುಸುಗಟ್ಟಿ ಸಿರೋಸಿಸ್ ಆಗುತ್ತದೆ. ಬೊಜ್ಜು, ಮಧುಮೇಹ ಉಳ್ಳವರಲ್ಲಿ ಈ ಅಪಾಯ ಹೆಚ್ಚು. ಕೇಂದ್ರ ಸರ್ಕಾರವು 2021ರಲ್ಲಿ ಮದ್ಯದಿಂದ ಬಾರದ ಈ ತೊಂದರೆಯನ್ನು ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. 2023ರಲ್ಲಿ ಅಂತರರಾಷ್ಟ್ರೀಯ ವೈದ್ಯಮಂಡಲಿಗಳು ರೋಗದ ಹೆಸರಿನಿಂದಲೇ ಮದ್ಯದ ಪ್ರಸ್ತಾಪವನ್ನು ತೆಗೆದು, ದೇಹದ ಚಯಾಪಚಯಕ್ಕೆ ಸಂಬಂಧಿಸಿದ ಹೆಸರನ್ನಿಟ್ಟವು. ಆದುದರಿಂದ ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ನಮ್ಮ ಊಟವನ್ನೇ ಒಮ್ಮೆ ಗಮನಿಸೋಣ. ಸಸ್ಯಾಹಾರವೆಂದ ಮಾತ್ರಕ್ಕೆ ಅದು ಮಿತಾಹಾರವಾಗಲಿಲ್ಲ. ತಟ್ಟೆಯ ತುಂಬ ಬಿಳಿಯ ಅನ್ನ, ಪಕ್ಕದಲ್ಲಿ ಒಂದು ಚಮಚ ಪಲ್ಯ. ಹಬ್ಬ ಬಂದರೆ ಹೋಳಿಗೆ, ಪಾಯಸ, ಬೋಂಡ. ದಿನಕ್ಕೆ ನಾಲ್ಕು ಬಾರಿ ಸಕ್ಕರೆ ಬೆರೆತ ಕಾಫಿ. ಪ್ರಸಾದವನ್ನು ಬಿಸಾಡಬಾರದೆಂಬ ಶ್ರದ್ಧೆಯಿಂದ, ಹೊಟ್ಟೆ ಬೇಡವೆಂದರೂ ತಟ್ಟೆಯಲ್ಲಿದ್ದುದನ್ನು ತಾಯಂದಿರು ತಿಂದು ಮುಗಿಸುತ್ತಾರೆ. ಪ್ರಸಾದವನ್ನು ಚೆಲ್ಲುವುದು ಅಪಚಾರವೇ, ಸಂದೇಹವಿಲ್ಲ. ಆದರೆ ಬಡಿಸುವ ಮೊದಲೇ “ಸಾಕು” ಎಂದು ಕೈ ಅಡ್ಡ ಹಿಡಿಯುವುದು ಅಪಚಾರವಲ್ಲ. ಮಠದ ಪಂಕ್ತಿಯಲ್ಲಿ ಕುಳಿತು ನಾವು ಬಾಲ್ಯದಲ್ಲಿ ಕಲಿತ ಶಿಸ್ತು ಇದೇ: ಬೇಕಾದಷ್ಟನ್ನೇ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡುದನ್ನು ಉಳಿಸಬಾರದು.

ಈ ಮಿತಿಯನ್ನು ಸುಲಭವಾಗಿಸುವುದಕ್ಕೆ ರಾತ್ರಿಯ ಊಟದ ಮೊದಲು ತರಕಾರಿ ಸೂಪು ಕುಡಿಯುವ ಪದ್ಧತಿ ಒಳ್ಳೆಯದು. ಹಲಸೂರಿನ ತರಕಾರಿ ಅಂಗಡಿಗಳಲ್ಲಿ ದಿನವೂ ದೊರೆಯುವ ಪದಾರ್ಥಗಳೇ ಇದಕ್ಕೆ ಸಾಕು. ನಾಲ್ವರಿಗೆ ಬೇಕಾದ ಪ್ರಮಾಣ ಹೀಗಿದೆ: ಸಿಪ್ಪೆ ತೆಗೆದ ಸೋರೆಕಾಯಿಯ ಹೋಳು 2 ಬಟ್ಟಲು, ಕ್ಯಾರೆಟ್ 1, ಹುರುಳಿಕಾಯಿ 10, ಟೊಮೆಟೊ 2, ಹೆಸರುಬೇಳೆ 3 ದೊಡ್ಡ ಚಮಚ, ಬಿಡಿಸಿದ ನುಗ್ಗೆಸೊಪ್ಪು ಒಂದು ಹಿಡಿ, ಹೆಬ್ಬೆರಳ ತುದಿಯಷ್ಟು ಶುಂಠಿ, ಒಂದು ಚಿಟಿಕೆ ಅರಿಶಿನ.

ಬೇಳೆಯನ್ನು ತೊಳೆದು, ಒಂದೂಕಾಲು ಲೀಟರ್ ನೀರಿನಲ್ಲಿ ಅರಿಶಿನ ಹಾಕಿ ಅರ್ಧ ಬೇಯಿಸಬೇಕು. ಬಳಿಕ ಹೆಚ್ಚಿದ ತರಕಾರಿ ಮತ್ತು ಜಜ್ಜಿದ ಶುಂಠಿಯನ್ನು ಸೇರಿಸಿ ಮುಚ್ಚಿಡಬೇಕು. ಎಲ್ಲವೂ ಮೆತ್ತಗಾದ ಮೇಲೆ ನುಗ್ಗೆಸೊಪ್ಪು ಹಾಕಿ ಐದು ನಿಮಿಷ ಕುದಿಸಿ, ಸೌಟಿನಿಂದ ಒರಟಾಗಿ ಮಸೆಯಬೇಕು. ಹುರಿದು ಪುಡಿಮಾಡಿದ ಜೀರಿಗೆ ಮತ್ತು ಕಾಳುಮೆಣಸು, ಸ್ವಲ್ಪವೇ ಉಪ್ಪು, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ. ಇಷ್ಟಾದರೆ ಸೂಪು ಸಿದ್ಧ. ಬೆಣ್ಣೆಯಾಗಲಿ ಜೋಳದ ಹಿಟ್ಟಾಗಲಿ ಬೇಡ. ಸೋಸಬಾರದು, ಸೋಸಿದರೆ ನಾರಿನಂಶವೆಲ್ಲ ಹೊರಗೆ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸೋರೆಕಾಯಿಯನ್ನು ಹೆಚ್ಚಿದ ಕೂಡಲೇ ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ. ಕಹಿಯಾಗಿದ್ದರೆ ಉಗಿದು, ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ವಿಷಾಂಶವು ಬೇಯಿಸಿದರೂ ಹೋಗದು. ರಕ್ತವಾಂತಿಯಾಗುವಷ್ಟು ಅಪಾಯ ಅದರಲ್ಲಿದೆ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಆರೋಗ್ಯಕ್ಕೆಂದೇ ಕುಡಿದ ಸೋರೆಕಾಯಿ ಮತ್ತು ಹಾಗಲಕಾಯಿಯ ರಸದಿಂದ ಪ್ರಾಣ ಕಳೆದುಕೊಂಡರು. ಕಹಿಯೆಲ್ಲ ಔಷಧವೆಂಬ ನಂಬಿಕೆ ಸಲ್ಲದು.

ಈ ಸೂಪು ಯಕೃತ್ತನ್ನು ತೊಳೆದು ಶುದ್ಧಮಾಡುತ್ತದೆಂದು ನಾವು ಹೇಳಲಾರೆವು. ಶುದ್ಧಿಯ ಕೆಲಸವನ್ನು ಯಕೃತ್ತೇ ಮಾಡಿಕೊಳ್ಳುತ್ತದೆ. ಅದರ ಮೇಲಿನ ಹೊರೆಯನ್ನು ತಗ್ಗಿಸುವುದಷ್ಟೇ ನಮ್ಮ ಪಾಲಿನದು. ಒಂದು ದೊಡ್ಡ ಬಟ್ಟಲು ಸೂಪು ಕುಡಿದವರಿಗೆ ಎರಡನೆಯ ಬಾರಿ ಅನ್ನ ಬೇಕೆನಿಸದು. ಅದರ ಗುಣವಿರುವುದು ಅಲ್ಲಿಯೇ. ಸೂಪನ್ನೂ ಕುಡಿದು ಊಟವನ್ನೂ ಮೊದಲಿನಷ್ಟೇ ಮಾಡಿದರೆ ಫಲವಿಲ್ಲ. ತೂಕ ಹೆಚ್ಚಿರುವವರು ನೂರಕ್ಕೆ 5ರಷ್ಟು ಇಳಿಸಿದರೂ, ಅಂದರೆ 80 ಕಿಲೋ ಇದ್ದವರು 4 ಕಿಲೋ ಇಳಿಸಿದರೂ, ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗಬಹುದೆಂದು ವೈದ್ಯರು ಹೇಳುತ್ತಾರೆ. ಇದಕ್ಕೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯೂ ಸೇರಬೇಕು.

ಅಡುಗೆಮನೆಯ ಅಧಿಕಾರಕ್ಕೊಂದು ಎಲ್ಲೆಯಿದೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಹೊಟ್ಟೆ ಉಬ್ಬಿದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಯೆಂದು ಕಣ್ಣಿಗೆ ಸೊಪ್ಪಿನ ರಸ ಹಿಂಡಿಸಿಕೊಂಡು ದಿನ ಕಳೆಯಬಾರದು. ಮೂತ್ರಪಿಂಡದ ತೊಂದರೆಯುಳ್ಳವರು ಈ ಸೂಪನ್ನು ಸಹ ವೈದ್ಯರನ್ನು ಕೇಳಿಯೇ ಕುಡಿಯುವುದು ಲೇಸು.

ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿಯಾಗಿರುವವರು ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು. 1907ರಲ್ಲಿ ಜನಿಸಿದ ಶ್ರೀಗಳು ಸಾವಿರಾರು ಮಕ್ಕಳಿಗೆ ಹೊಟ್ಟೆತುಂಬ ಉಣಬಡಿಸಿ, ತಾವು ಮಾತ್ರ ಮಿತವಾಗಿ ಉಂಡರು. ಇಳಿವಯಸ್ಸಿನಲ್ಲಿ ಪಿತ್ತನಾಳದ ತೊಂದರೆ ಕಾಣಿಸಿದಾಗ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡರು. 2018ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆಗೂ ಒಳಗಾದರು. 2019ರ ಜನವರಿ 21ರಂದು ಲಿಂಗೈಕ್ಯರಾದರು. ಮಿತಾಹಾರದ ವ್ರತವಿದ್ದ ಮಹಾತ್ಮರೇ ವೈದ್ಯರ ಕೈಯನ್ನು ದೂರ ತಳ್ಳಲಿಲ್ಲ. ಹಾಗಿರುವಾಗ ನಮ್ಮ ನಿಮ್ಮಂಥ ಸಂಸಾರಿಗಳು ವರದಿಯನ್ನು ಬಚ್ಚಿಡುವುದೇಕೆ?

ಆದುದರಿಂದ ಬೀರುವಿನಲ್ಲಿರುವ ಆ ಕಾಗದವನ್ನು ಹೊರತೆಗೆಯಿರಿ. ಮನೆಯವರೊಡನೆ ಮಾತನಾಡಿ ವೈದ್ಯರಿಗೆ ತೋರಿಸಿರಿ. ಸೂಪನ್ನು ರೋಗಿಯೊಬ್ಬರಿಗಾಗಿ ಬೇರೆ ಪಾತ್ರೆಯಲ್ಲಿ ಮಾಡದೆ ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿ, ಎಲ್ಲರೂ ಒಟ್ಟಿಗೆ ಕುಳಿತು ಕುಡಿಯಿರಿ. ಒಬ್ಬರ ಪಥ್ಯ ಮನೆಯ ಪದ್ಧತಿಯಾದಾಗ ಅದು ನಿಲ್ಲುತ್ತದೆ.